ಗಾಯಾಳುಗಳ ಮಿತ್ರನಾದ ಲಾರೆಯ ಚರಿತ್ರೆ

ವಾಚಕರೇ, ದೊಡ್ಡ ರಸ್ತೆಯಲ್ಲಿ ಕೂಗು ಹಾಕುತ್ತಾ ರೋಗಿಗಳನ್ನು ಹೊತ್ತು ಓಡುವ ಆಂಬುಲೆನ್ಸ್ ಗಾಡಿಯನ್ನು ನೀವೆಲ್ಲರೂ ಕಂಡಿರುವಿರಿ. ಅದು ಬರುವಾಗ ಧನಿಕನ ಮೋಟಾರೂ ಬಡವನ ಎತ್ತಿನ ಬಂಡಿಯೂ ಬದಿಗೆ ಸರಿದು ದಾರಿ ಕೊಡುತ್ತವೆ. ಗಾಯಪಟ್ಟವನು ವೈದ್ಯನ ಬಳಿಗೆ ಹೋಗುವ ವರೆಗೆ ಕಾದಿರದೆ, ಗಾಯಪಟ್ಟವನು ಬಿದ್ದಿರುವಲ್ಲಿಗೆ ವೈದ್ಯಸಹಾಯವೇ ಓಡಿಬರಬೇಕೆಂಬ ಆಲೋಚನೆಯು ಈಗ ನಮಗೆ ಸಹಜವಾಗಿ ತೋರುತ್ತದೆ. ಆದರೆ ಇನ್ನೂರ ಮೂವತ್ತು ವರುಷಗಳ ಹಿಂದೆ ಅದು ಯಾರಿಗೂ ಸಹಜವಾಗಿ ತೋರಿರಲಿಲ್ಲ. ಅದನ್ನು ಮನಸ್ಸಿನಲ್ಲಿ ಕಂಡು, ಕೈಯಿಂದ ಮಾಡಿ, ಯುದ್ಧಭೂಮಿಯಲ್ಲಿ ನಡಿಸಿ ತೋರಿಸಿದವರಲ್ಲಿ ಮೊದಲಿಗನು ಒಬ್ಬ ಬಡ ಮೋಚಿಯ ಮಗನು. ಫ್ರಾನ್ಸ್ ದೇಶದ ದೊಮಿನಿಕ್ ಜಾನ್ ಲಾರೆ ಎಂಬ ಆ ಶಸ್ತ್ರವೈದ್ಯನ ಜೀವನವನ್ನು ಈ ಸಾರಿ ನಿಮ್ಮ ಮುಂದೆ ಇಡಲು ಮನಸ್ಸು ಮಾಡಿದ್ದೇವೆ.

ಫ್ರಾನ್ಸಿಗೂ ಸ್ಪೇನಿಗೂ ನಡುವೆ ಗೋಡೆಯಂತೆ ನಿಂತಿರುವ ಪಿರೆನೀಸ್ ಬೆಟ್ಟಗಳ ತಪ್ಪಲಲ್ಲಿ ಬೊದೆಯಾನ್ ಎಂಬ ಚಿಕ್ಕ ಹಳ್ಳಿಯುಂಟು. ಅಲ್ಲಿ 1766ನೆಯ ಇಸವಿ ಜುಲೈ ತಿಂಗಳ 8ನೆಯ ತಾರೀಖಿನಲ್ಲಿ ಲಾರೆಯು ಹುಟ್ಟಿದನು. ತಂದೆಯು ಜೋಡು ಹೊಲಿದು ಹೊಟ್ಟೆ ಹೊರೆಯುವವನು, ಮನೆಯಲ್ಲಿ ಸಿರಿಯಿರಲಿಲ್ಲ. ಆ ಊರಿನ ಪಾದ್ರಿಯು ಹುಡುಗನ ಬುದ್ಧಿಯನ್ನು ಕಂಡು ಅವನಿಗೆ ಅಕ್ಷರಾಭ್ಯಾಸ ಮಾಡಿಸಿದನು. ತಂದೆಯು ಬೇಗನೆ ತೀರಿಹೋಗಲಾಗಿ, ಹದಿಮೂರು ವರುಷದ ಬಾಲಕನ ಭಾರವು ತುಲೂಜ್ ಪಟ್ಟಣದಲ್ಲಿ ಮುಖ್ಯ ಶಸ್ತ್ರವೈದ್ಯನಾಗಿದ್ದ ಅಲೆಕ್ಸಿ ಲಾರೆ ಎಂಬ ಚಿಕ್ಕಪ್ಪನ ಮೇಲೆ ಬಿತ್ತು. ಹುಡುಗನು ಬೆಟ್ಟ ಇಳಿದು ಅಷ್ಟು ದೂರದ ಪಟ್ಟಣಕ್ಕೆ ಕಾಲ್ನಡಿಗೆಯಿಂದಲೇ ಹೋದನೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಅಲ್ಲಿ ಆರು ವರುಷಗಳ ಕಾಲ ಚಿಕ್ಕಪ್ಪನ ಕೈಕೆಳಗೆ ಗಾಯ ತೊಳೆಯುವದನ್ನೂ ಮೂಳೆ ಕೂಡಿಸುವದನ್ನೂ ಕತ್ತಿಯನ್ನು ಹಿಡಿಯುವದನ್ನೂ ಕಲಿತನು.

ಬಳಿಕ ಅವನು ಪ್ಯಾರಿಸ್ ನಗರಕ್ಕೆ ಬಂದನು. 1787ರಲ್ಲಿ ನೌಕಾದಳದ ಶಸ್ತ್ರವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಬ್ರೆಸ್ಟ್ ಎಂಬ ರೇವಿನಿಂದ ಹಡಗು ಹತ್ತಿ ಉತ್ತರ ಅಮೆರಿಕದ ನ್ಯೂಫೌಂಡ್ಲೆಂಡ್ ತೀರದ ವರೆಗೆ ಪ್ರಯಾಣ ಮಾಡಿದನು. ಆದರೆ ಸಮುದ್ರದ ಓಲಾಟವು ಅವನ ಶರೀರಕ್ಕೆ ಒಗ್ಗಲಿಲ್ಲ. ಆದದರಿಂದ ಆ ಕೆಲಸವನ್ನು ಬಿಟ್ಟು ತಿರಿಗಿ ಪ್ಯಾರಿಸಿಗೆ ಬಂದು, ಒತೆಲ್ ದ್ಯೂ ಎಂಬ ಹಳೆಯ ಆಸ್ಪತ್ರೆಯಲ್ಲಿ ದೆಸೋ ಎಂಬ ಪ್ರಖ್ಯಾತ ಗುರುವಿನ ಬಳಿಯಲ್ಲಿಯೂ, ಮುದಿ ಸಿಪಾಯಿಗಳ ಆಶ್ರಯವಾದ ಅನ್ವಾಲೀದ್ ಎಂಬಲ್ಲಿ ಸಬಾತಿಯೆ ಎಂಬವನ ಬಳಿಯಲ್ಲಿಯೂ ವಿದ್ಯೆಯನ್ನು ಮುಂದುವರಿಸಿದನು. ಅಷ್ಟರಲ್ಲಿ 1789ನೆಯ ಇಸವಿ ಬಂತು. ಫ್ರಾನ್ಸಿನಲ್ಲಿ ಮಹಾ ಕ್ರಾಂತಿಯು ಎದ್ದಿತು. ಅರಸನ ಸಿಂಹಾಸನವು ಉರುಳಿತು. 1792ರಲ್ಲಿ ನೆರೆಯ ರಾಜ್ಯಗಳೊಡನೆ ಯುದ್ಧವು ಹುಟ್ಟಿತು. ಇಪ್ಪತ್ತಾರು ವರುಷದ ಲಾರೆಯು ರೈನ್ ನದಿಯ ದಂಡಿಗೆ ವೈದ್ಯನಾಗಿ ನೇಮಿಸಲ್ಪಟ್ಟನು. ಅಂದಿನಿಂದ 1815ರ ವರೆಗೆ ಅವನ ಬಾಳೆಲ್ಲ ಹೆಚ್ಚಾಗಿ ದಂಡಿನೊಳಗೇ ಕಳೆಯಿತು.

ಆಗಿನ ದಂಡಿನ ಪದ್ಧತಿಯನ್ನು ವಾಚಕರು ತಿಳಿಯದಿದ್ದರೆ ಲಾರೆಯ ಕೆಲಸದ ಬೆಲೆಯನ್ನು ತಿಳಿಯಲಾರರು. ವೈದ್ಯರೂ ಅವರ ಸಾಮಾನಿನ ದೊಡ್ಡ ಬಂಡಿಗಳೂ ಕಾಳಗದ ಸ್ಥಳದಿಂದ ಒಂದು ಹರದಾರಿ ಹಿಂದೆಯೇ ನಿಲ್ಲತಕ್ಕದ್ದೆಂದು ಆಗ ನಿಯಮವಿತ್ತು. ಕಾಳಗವು ಮುಗಿದ ಮೇಲೆಯೇ ಗಾಯಾಳುಗಳನ್ನು ಒಟ್ಟುಗೂಡಿಸುವದು. ಬಂಡಿಗಳೋ ಬಹು ಭಾರವಾದವುಗಳು, ಕೆಸರಿನಲ್ಲಿ ಹೂತುಕೊಳ್ಳುವವು, ದಾರಿಯಲ್ಲಿ ತೋಪುಗಳೂ ಮದ್ದಿನ ಬಂಡಿಗಳೂ ಅಡ್ಡವಾಗುವವು. ಹೀಗೆ ಒಂದು ದಿನವೋ ಎರಡು ದಿನವೋ ಕಳೆದು ವೈದ್ಯನು ಬಂದು ನೋಡುವಾಗ, ಬದುಕಬಹುದಾಗಿದ್ದ ಎಷ್ಟೋ ಮಂದಿ ರಕ್ತ ಸೋರಿ ಸತ್ತಿರುತ್ತಿದ್ದರು. ದಂಡು ಹಿಮ್ಮೆಟ್ಟಿದರಂತೂ ಗಾಯಾಳುಗಳು ಬಿದ್ದಲ್ಲಿಯೇ ಉಳಿದು ಶತ್ರುವಿನ ಕೈಗೆ ಬೀಳುತ್ತಿದ್ದರು. ಹಣವುಳ್ಳ ಸರದಾರನು ಬಿದ್ದರೆ ಅವನನ್ನು ಎತ್ತಿಕೊಂಡು ಹೋಗುವವರು ಇದ್ದರು. ಸಾಧಾರಣ ಸಿಪಾಯಿಯನ್ನು ಕೇಳುವವರು ಇರಲಿಲ್ಲ.

ಲಾರೆಯು ರೈನ್ ತೀರದ ಕಾಳಗಗಳಲ್ಲಿ ಇದನ್ನು ಕಣ್ಣಾರೆ ನೋಡಿ ಬಹಳವಾಗಿ ನೊಂದುಕೊಂಡನು. ಅದೇ ದಂಡಿನಲ್ಲಿ ಕುದುರೆಗಳಿಂದ ಎಳೆಯಲ್ಪಟ್ಟು ಕ್ಷಣಮಾತ್ರದಲ್ಲಿ ಸ್ಥಳದಿಂದ ಸ್ಥಳಕ್ಕೆ ಹಾರುವಂತೆ ಓಡುವ ಹಗುರವಾದ ತೋಪುಗಳಿದ್ದವು. ಜನರು ಅವುಗಳಿಗೆ ಹಾರುವ ತೋಪುಗಳೆಂದು ಹೆಸರಿಟ್ಟಿದ್ದರು. ಕೊಲ್ಲುವ ಯಂತ್ರವು ಇಷ್ಟು ಬೇಗನೆ ಓಡಬಹುದಾದರೆ ಕಾಪಾಡುವ ಗಾಡಿಯು ಯಾಕೆ ಓಡಬಾರದೆಂಬ ಪ್ರಶ್ನೆಯು ಅವನ ಮನಸ್ಸಿನಲ್ಲಿ ಎದ್ದಿತು. ಮೊದಲು ಕುದುರೆಗಳ ಮೇಲೆ ಗಾಯಾಳುಗಳನ್ನು ಸಾಗಿಸುವ ಆಲೋಚನೆ ಮಾಡಿ, ಅದು ಸಾಲದೆಂದು ಕಂಡು, ಸ್ಪ್ರಿಂಗುಗಳ ಮೇಲೆ ತೂಗುವ ಹಗುರವಾದ ಗಾಡಿಗಳನ್ನು ಕಲ್ಪಿಸಿದನು. ದಂಡಿನ ದಳವಾಯಿಯಾದ ಕುಸ್ತೀನನು ಇದಕ್ಕೆ ಅಪ್ಪಣೆ ಕೊಟ್ಟನು. ಹೀಗೆ ಹಾರುವ ಆಂಬುಲೆನ್ಸ್ ಎಂದು ಹೆಸರುಗೊಂಡ ಏರ್ಪಾಟು ಹುಟ್ಟಿತು.

1797ರಲ್ಲಿ ಇಟಲಿಯ ದಂಡಯಾತ್ರೆಯ ಕಾಲದಲ್ಲಿ ಈ ಏರ್ಪಾಟು ಪೂರ್ಣವಾಯಿತು. ಅದರಲ್ಲಿ 340 ಮಂದಿಯಿದ್ದರು. ಅವರು ಮೂರು ಪಂಗಡಗಳಾಗಿ ವಿಭಾಗಿಸಲ್ಪಟ್ಟಿದ್ದರು. ಒಂದೊಂದು ಪಂಗಡಕ್ಕೆ 12 ಹಗುರವಾದ ಗಾಡಿಗಳೂ ಸಾಮಾನು ಹೊರುವ 4 ಭಾರವಾದ ಬಂಡಿಗಳೂ ಇದ್ದವು. ಹಗುರವಾದ ಗಾಡಿಗಳಲ್ಲಿ ಕೆಲವಕ್ಕೆ ಎರಡು ಚಕ್ರ, ಕೆಲವಕ್ಕೆ ನಾಲ್ಕು ಚಕ್ರ. ಎರಡು ಚಕ್ರದ ಗಾಡಿಯಲ್ಲಿ ಇಬ್ಬರು ಗಾಯಾಳುಗಳು ಉದ್ದಕ್ಕೆ ಮಲಗಬಹುದಾಗಿತ್ತು. ಗಾಳಿ ಬರುವಂತೆ ಬದಿಗಳಲ್ಲಿ ಚಿಕ್ಕ ಕಿಟಕಿಗಳು. ಕೆಳಗೆ ಕುದುರೆಯ ಕೂದಲು ತುಂಬಿದ ಹಾಸಿಗೆ. ಹಾಸಿಗೆಯ ಹಲಗೆಯ ಅಡಿಯಲ್ಲಿ ಚಿಕ್ಕ ಉರುಳೆಗಳು. ಆದದರಿಂದ ಗಾಯಾಳುವನ್ನು ಎತ್ತಿ ಕುಲುಕದೆ ಹಲಗೆಯೊಡನೆ ಹೊರಗೆ ಜಾರಿಸಬಹುದಾಗಿತ್ತು. ಮೋಚಿಯ ಮಗನು ಮಲಗುವವನ ಬೆನ್ನಿನ ನೋವನ್ನು ಸಹ ಮರೆಯಲಿಲ್ಲವೆಂಬದನ್ನು ನಾವು ಇಲ್ಲಿ ಕಾಣುತ್ತೇವೆ. ಪೆರ್ಸಿ ಎಂಬ ಇನ್ನೊಬ್ಬ ಫ್ರೆಂಚ್ ಶಸ್ತ್ರವೈದ್ಯನೂ ಅದೇ ಕಾಲದಲ್ಲಿ ಇದೇ ಗುರಿಗಾಗಿ ಬಹಳ ಪ್ರಯಾಸಪಟ್ಟನು. ಅವನ ಹೆಸರನ್ನು ಬಿಟ್ಟರೆ ನ್ಯಾಯವಾಗದು.

ಗಾಡಿಗಿಂತಲೂ ದೊಡ್ಡದಾದ ಇನ್ನೊಂದು ವಿಷಯವನ್ನು ಲಾರೆಯು ದಂಡಿನಲ್ಲಿ ನೆಲೆಗೊಳಿಸಿದನು. ಅದೇನಂದರೆ, ಯಾರಿಗೆ ಪ್ರಾಣಾಪಾಯವು ಹೆಚ್ಚೋ ಅವನಿಗೇ ಮೊದಲು ಚಿಕಿತ್ಸೆ. ಪದವಿಯನ್ನು ನೋಡಬಾರದು, ಮಾನವನ್ನು ನೋಡಬಾರದು. ಬೆರಳಿಗೆ ಗಾಯವಾದ ಸೇನಾಪತಿಯು ತೊಡೆ ಮುರಿದ ಕಾಲಾಳಿನ ಹಿಂದೆ ಕಾಯತಕ್ಕದ್ದು. ಶತ್ರುವಿನ ಸಿಪಾಯಿಯೂ ಗಾಯಪಟ್ಟು ಬಿದ್ದ ಮೇಲೆ ಶತ್ರುವಲ್ಲ, ಗಾಯಾಳುವೇ. ಈ ಕ್ರಮವನ್ನು ಈಗ ಲೋಕದ ಎಲ್ಲಾ ದೊಡ್ಡ ಆಸ್ಪತ್ರೆಗಳಲ್ಲಿ, ಅಪಘಾತದವರನ್ನು ತರುವ ಬಾಗಲಲ್ಲಿ, ಅನುಸರಿಸುತ್ತಾರೆ. ಆದರೆ ಸರದಾರರಿಗೆ ಮೊದಲ ಪಂಕ್ತಿಯು ಸಲ್ಲುತ್ತಿದ್ದ ಆ ದಿವಸಗಳಲ್ಲಿ ಇದನ್ನು ಬಾಯಿಂದ ಹೇಳುವದಕ್ಕೇ ಧೈರ್ಯ ಬೇಕಾಗಿತ್ತು; ಕೈಯಿಂದ ನಡಿಸುವದಕ್ಕೆ ಇನ್ನೂ ಹೆಚ್ಚು ಧೈರ್ಯ ಬೇಕಾಗಿತ್ತು.

1794ರಲ್ಲಿ ಲಾರೆಯು ಎಲಿಸಬೆತ್ ಎಂಬ ಸ್ತ್ರೀಯನ್ನು ಮದುವೆಯಾಗಿದ್ದನು. ಆಕೆಯು ಚಿತ್ರಕಲೆಯಲ್ಲಿ ನಿಪುಣೆ. ಆದರೆ ಗಂಡನು ಮನೆಯಲ್ಲಿ ಇದ್ದ ದಿವಸಗಳು ಕೊಂಚವೇ. 1798ರ ಮೇ ತಿಂಗಳಲ್ಲಿ ನೆಪೋಲಿಯನ್ ಬೊನಾಪಾರ್ಟನು ಐಗುಪ್ತ ದೇಶದ ಮೇಲೆ ದಂಡೆತ್ತಿ ಹೋಗಲು ಲಾರೆಯೂ ಅವನೊಡನೆ ಹೋದನು. ಅಲ್ಲಿಯ ಮರಳಿನಲ್ಲಿ ಗಾಡಿಗಳ ಚಕ್ರಗಳು ಓಡಲಿಲ್ಲ. ಲಾರೆಯು ಎದೆಗುಂದದೆ, ಆ ದೇಶದ ಒಂಟೆಗಳನ್ನೇ ತರಿಸಿ, ಒಂದೊಂದು ಒಂಟೆಯ ಎರಡು ಬದಿಗಳಲ್ಲಿ ಮನುಷ್ಯನು ಉದ್ದಕ್ಕೆ ಮಲಗುವಂಥ ಪೆಟ್ಟಿಗೆಗಳನ್ನು ಕಟ್ಟಿಸಿ ಗಾಯಾಳುಗಳನ್ನು ಸಾಗಿಸಿದನು. 1799ರಲ್ಲಿ ಫ್ರೆಂಚರು ಪ್ಯಾಲೆಸ್ತೀನಿನ ಅಕ್ಕೋ ಕೋಟೆಯನ್ನು ಮುತ್ತಿ ಸೋತು ಮರಳಿದಾಗ, ಮಹಾಮಾರಿಯ ಜ್ವರವೂ ದಂಡಿನಲ್ಲಿ ಹರಡಿತ್ತು. ಆ ಕಷ್ಟದ ಮರುಪ್ರಯಾಣದಲ್ಲಿ ಗಾಯಾಳುಗಳನ್ನು ಮರುಭೂಮಿಯ ಮೂಲಕ ಕರಕೊಂಡು ಬರುವ ಭಾರವು ಅವನ ಮೇಲೆ ಬಿತ್ತು.

ಅಲ್ಲಿ ಅವನು ಒಂದು ವಿಚಿತ್ರವಾದ ಸಂಗತಿಯನ್ನು ಗಮನಿಸಿದನು. ಆ ಸೆಕೆಯ ದೇಶದಲ್ಲಿ ಸಿಪಾಯಿಗಳ ಗಾಯಗಳಲ್ಲಿ ನೊಣಗಳು ಮೊಟ್ಟೆಯಿಟ್ಟು ಹುಳಗಳಾಗುತ್ತಿದ್ದವು. ಗಾಯಾಳುಗಳು ಇದನ್ನು ಕಂಡು ಹೆದರಿ ಕೂಗುತ್ತಿದ್ದರು. ಆದರೆ ಲಾರೆಯು ನೋಡುವಾಗ, ಈ ಹುಳಗಳು ಕೊಳೆತ ಮಾಂಸವನ್ನು ಮಾತ್ರ ತಿಂದು ಜೀವವುಳ್ಳ ಮಾಂಸವನ್ನು ಮುಟ್ಟದೆ ಇದ್ದವು. ಅಂಥ ಗಾಯಗಳು ಬೇಗನೆ ವಾಸಿಯಾಗುತ್ತಿದ್ದವು. ಅವನು ಇದನ್ನು ಬಚ್ಚಿಡದೆ ತನ್ನ ಗ್ರಂಥದಲ್ಲಿ ಬರೆದಿಟ್ಟನು. ಈಗಿನ ಕಾಲದಲ್ಲಿ ಕೆಲವು ದೇಶಗಳ ಆಸ್ಪತ್ರೆಗಳಲ್ಲಿ, ಶುದ್ಧವಾಗಿ ಬೆಳಿಸಿದ ಇಂಥ ಹುಳಗಳನ್ನು ವಾಸಿಯಾಗದ ಹುಣ್ಣುಗಳಿಗೆ ಉಪಯೋಗಿಸುವದುಂಟು. ಇದು ವೈದ್ಯರ ಕೈಯಲ್ಲಿ ಮಾತ್ರ ಆಗತಕ್ಕ ಕೆಲಸ. ಮನೆಯಲ್ಲಿ ಗಾಯಕ್ಕೆ ನೊಣ ಕೂಡ್ರಗೊಡುವದು ಅಪಾಯವೆಂಬದನ್ನು ವಾಚಕರು ಮರೆಯಬಾರದು.

ನೆಪೋಲಿಯನ್ 1799ರಲ್ಲಿಯೇ ಐಗುಪ್ತವನ್ನು ಬಿಟ್ಟು ಫ್ರಾನ್ಸಿಗೆ ಹೊರಟುಹೋದನು. ಲಾರೆಯು ಹೋಗಲಿಲ್ಲ, 1801ರಲ್ಲಿ ದಂಡು ಶರಣಾಗತವಾಗುವ ತನಕ ಸಿಪಾಯಿಗಳ ಸಂಗಡಲೇ ಇದ್ದನು. ಆ ವರುಷ ಅಲೆಕ್ಸಾಂದ್ರಿಯದ ಬಳಿಯ ಕಾಳಗದಲ್ಲಿ ಸಿಲ್ಲಿ ಎಂಬ ಸೇನಾಪತಿಯ ಕಾಲು ಗುಂಡಿನಿಂದ ನುಚ್ಚಾಯಿತು. ಲಾರೆಯು ರಣರಂಗದಲ್ಲಿಯೇ ಅದನ್ನು ಕತ್ತರಿಸಿ ಕಟ್ಟು ಕಟ್ಟುತ್ತಿರುವಾಗ ಇಂಗ್ಲಿಷರ ರಾಹುತರು ಮೇಲೆ ಬಂದರು. ಅವನು ಗಾಯಾಳುವನ್ನು ಹೆಗಲ ಮೇಲೆ ಹೊತ್ತುಕೊಂಡು, ಕುದುರೆಗಳು ಓಡಲಾರದ ಹಳ್ಳಕೊಳ್ಳಗಳ ಹೊಲದೊಳಗಿಂದ ಓಡಿ ತನ್ನ ದಂಡನ್ನು ಸೇರಿದನು. ವೈದ್ಯನ ಕೆಲಸವು ಕತ್ತಿಯನ್ನು ಕೆಳಗಿಟ್ಟಲ್ಲಿಗೆ ಮುಗಿಯುವದಿಲ್ಲವೆಂದು ಅವನು ಎಣಿಸಿದ್ದನು.

ಶಸ್ತ್ರಚಿಕಿತ್ಸೆಯಲ್ಲಿ ಲಾರೆಯ ಮುಖ್ಯ ಬೋಧನೆಯು ಯಾವದೆಂದು ಇಲ್ಲಿ ಸ್ವಲ್ಪ ಹೇಳುವೆವು. ಕೈಯಾಗಲಿ ಕಾಲಾಗಲಿ ಗುಂಡು ತಗಲಿ ಉಳಿಯದ ಹಾಗೆ ನುಚ್ಚಾದರೆ ಅದನ್ನು ಯಾವಾಗ ಕತ್ತರಿಸಬೇಕೆಂಬದರ ಕುರಿತು ಆ ಕಾಲದ ಪಂಡಿತರಲ್ಲಿ ದೊಡ್ಡ ವಾದವಿತ್ತು. ಅನೇಕರು ಕೆಲವು ವಾರಗಳ ವರೆಗೆ ಕಾಯುವದು ಒಳ್ಳೇದೆಂದು ಹೇಳುತ್ತಿದ್ದರು. ಲಾರೆಯೋ ಮೊದಲ 24 ತಾಸುಗಳೊಳಗೆಯೇ ಕತ್ತರಿಸಬೇಕೆಂದು ಸಾಧಿಸಿದನು. ಯಾಕಂದರೆ ಗಾಯವಾದ ಕೂಡಲೆ ಅಂಗವು ಜೋಮು ಹಿಡಿದಂತಿದ್ದು ನೋವು ಕಡಿಮೆ. ಜ್ವರವೂ ಕೀವೂ ಇನ್ನೂ ಹುಟ್ಟಿರುವದಿಲ್ಲ. ಮುರಿದ ಎಲುಬಿನ ಚೂರುಗಳು ಪ್ರಯಾಣದಲ್ಲಿ ಕುಲುಕಿ ಮಾಂಸವನ್ನು ಹರಿಯುವದೂ ತಪ್ಪುತ್ತದೆ. ಎಷ್ಟೋ ಸಾವಿರ ಗಾಯಾಳುಗಳ ಅನುಭವವು ಅವನ ಪಕ್ಷದಲ್ಲಿತ್ತು. ಆಗ ಮೂರ್ಛೆ ಬರಿಸುವ ಔಷಧವಿರಲಿಲ್ಲ. ಈಥರಿನ ಉಪಯೋಗವು ಲೋಕಕ್ಕೆ ಪ್ರಕಟವಾದದ್ದು 1846ರಲ್ಲಿ. ಕ್ರಿಮಿಗಳನ್ನು ಕೊಲ್ಲುವ ಲಿಸ್ಟರನ ಕ್ರಮವು ಅದಕ್ಕೂ ಇಪ್ಪತ್ತು ವರುಷಗಳ ತರುವಾಯ ಬಂತು. ಆದದರಿಂದ ರೋಗಿಗೆ ವೈದ್ಯನು ತೋರಿಸಬಹುದಾಗಿದ್ದ ದೊಡ್ಡ ದಯೆಯು ಅವನ ಕೈಯ ವೇಗವೇ. ಆ ವೇಗವು ಲಾರೆಗೆ ಇದ್ದಷ್ಟು ಆಗ ಕೆಲವರಿಗೆ ಮಾತ್ರವೇ ಇತ್ತು.

1811ನೆಯ ಇಸವಿ ಸೆಪ್ಟೆಂಬರ್ 30ರಲ್ಲಿ ಪ್ಯಾರಿಸಿನಲ್ಲಿ ನಡೆದ ಒಂದು ಚಿಕಿತ್ಸೆಯು ಇದಕ್ಕೆ ಸಾಕ್ಷಿಯಾಗಿದೆ. ಫ್ಯಾನಿ ಬರ್ನಿ ಎಂಬ ಪ್ರಸಿದ್ಧ ಇಂಗ್ಲಿಷ್ ಗ್ರಂಥಕರ್ತ್ರಿಯು ಫ್ರೆಂಚನೊಬ್ಬನನ್ನು ಮದುವೆಯಾಗಿ ಆಗ ಆ ನಗರದಲ್ಲಿ ವಾಸವಾಗಿದ್ದಳು. ಆಕೆಯ ಎದೆಯಲ್ಲಿ ಗಡ್ಡೆಯು ಹುಟ್ಟಿತ್ತು. ಇಂಗ್ಲೆಂಡಿಗೂ ಫ್ರಾನ್ಸಿಗೂ ಘೋರವಾದ ಯುದ್ಧವು ನಡೆಯುತ್ತಿರುವಾಗಲೇ ನೆಪೋಲಿಯನನ ದಂಡಿನ ವೈದ್ಯನು ಆ ಇಂಗ್ಲಿಷ್ ಸ್ತ್ರೀಯ ಸ್ತನವನ್ನು ತೆಗೆದು ಆಕೆಯನ್ನು ಉಳಿಸಿದನು. ಸ್ವಲ್ಪ ದ್ರಾಕ್ಷಾರಸದ ಹೊರತು ನೋವನ್ನು ತಡೆಯುವದಕ್ಕೆ ಬೇರೇನೂ ಇರಲಿಲ್ಲ. ಆಕೆಯು ಮುಂದೆ ತನ್ನ ಅಕ್ಕನಿಗೆ ಬರೆದ ಕಾಗದದಲ್ಲಿ ಆ ಸಂಕಟವನ್ನೆಲ್ಲ ಮುಚ್ಚುಮರೆಯಿಲ್ಲದೆ ವರ್ಣಿಸಿದ್ದಾಳೆ. ಕೆಲಸವು ಮುಗಿದಾಗ ಲಾರೆಯ ಮುಖವೂ ತನ್ನ ಮುಖದಂತೆಯೇ ಬಿಳಿಚಿಕೊಂಡಿದ್ದದನ್ನು ಕಂಡೆನೆಂದೂ ತಿಳಿಸಿದ್ದಾಳೆ. ಸಾವಿರಾರು ಅಂಗಗಳನ್ನು ಕತ್ತರಿಸಿದ ಕೈಯುಳ್ಳವನ ಹೃದಯವು ಕಲ್ಲಾಗಿರಲಿಲ್ಲ. ಆಕೆಯು ಅನಂತರ 28 ವರುಷಕ್ಕಿಂತ ಹೆಚ್ಚು ಕಾಲ ಬದುಕಿ 1840ರಲ್ಲಿ ತೀರಿಕೊಂಡಳು.

ನೆಪೋಲಿಯನ್ ಚಕ್ರವರ್ತಿಯಾದ ಮೇಲೆ ಯುರೋಪಿನ ರಣಭೂಮಿಗಳು ಒಂದರ ಹಿಂದೆ ಒಂದು ಬಂದವು. 1807ರ ಫೆಬ್ರವರಿಯಲ್ಲಿ ಐಲೌ ಎಂಬಲ್ಲಿ ಹಿಮದ ನಡುವೆ ಘೋರವಾದ ಕಾಳಗವಾಯಿತು. ಚಳಿಯಿಂದ ಮರಗಟ್ಟಿದ ಅಂಗವನ್ನು ಕತ್ತರಿಸುವಾಗ ನೋವು ಕಡಿಮೆಯಾಗುವದನ್ನು ಲಾರೆಯು ಅಲ್ಲಿ ಕಂಡನು. ಚಳಿಯಿಂದ ಸತ್ತಂತಾದ ಕಾಲನ್ನು ಬೆಂಕಿಗೆ ಒಡ್ಡಿದವರ ಮಾಂಸವು ಕೊಳೆತುಹೋಗುವದನ್ನೂ ಕಂಡು ಬೆಂಕಿಯ ಬಳಿಗೆ ಹೋಗಬಾರದೆಂದು ಎಚ್ಚರಿಸಿದನು. ಆದರೆ ಅದಕ್ಕೆ ಬದಲಾಗಿ ಹಿಮದಿಂದ ತಿಕ್ಕಬೇಕೆಂದು ಅವನು ಕಲಿಸಿದ್ದು ತಪ್ಪು. ತಿಕ್ಕುವದರಿಂದ ಕೆಡುಕೇ ಆಗುವದೆಂದೂ, ಹಿತವಾಗಿ ಬೆಚ್ಚಗಿರುವ ನೀರಿನಲ್ಲಿ ಇಡುವದೇ ಸರಿಯೆಂದೂ ಈಗ ವೈದ್ಯರು ತಿಳಿದಿದ್ದಾರೆ. ದೊಡ್ಡವರ ತಪ್ಪುಗಳು ಸಹ ಬಹಳ ಕಾಲ ಬದುಕುತ್ತವೆ. ಈ ತಪ್ಪು ನೂರು ವರುಷಕ್ಕಿಂತ ಹೆಚ್ಚು ಕಾಲ ನಡೆಯಿತು.

1809ರ ಮೇ ತಿಂಗಳಲ್ಲಿ ವಿಯೆನ್ನಾ ಪಟ್ಟಣದ ಬಳಿಯಲ್ಲಿ ಆಸ್ಪೆರ್ನ್-ಎಸ್ಲಿಂಗಿನ ಕಾಳಗವಾದಾಗ, ಗಾಯಾಳುಗಳು ಡ್ಯಾನ್ಯೂಬ್ ನದಿಯ ಲೋಬೌ ಎಂಬ ದ್ವೀಪದಲ್ಲಿ ಸಿಕ್ಕಿಬಿದ್ದರು. ಸೇತುವೆಯು ಮುರಿದುಹೋಗಿತ್ತು, ಆಹಾರವಿರಲಿಲ್ಲ. ಲಾರೆಯು ಕುದುರೆಗಳನ್ನು ಕೊಲ್ಲಿಸಿ, ರಾಹುತರ ಉಕ್ಕಿನ ಎದೆಕವಚಗಳನ್ನೇ ಪಾತ್ರೆಗಳನ್ನಾಗಿ ಮಾಡಿ, ಉಪ್ಪಿಗೆ ಬದಲಾಗಿ ತೋಪಿನ ಮದ್ದನ್ನು ಹಾಕಿ ಸಾರು ಕಾಯಿಸಿ ಗಾಯಾಳುಗಳಿಗೆ ಕುಡಿಸಿದನು. ಆ ಕಾಳಗದಲ್ಲಿ ಅವನ ಪ್ರಿಯ ಸ್ನೇಹಿತನಾದ ಲಾನ್ ಎಂಬ ಮಹಾ ಸೇನಾಪತಿಯು ಬಿದ್ದನು. ಲಾರೆಯು ನಡುಗುವ ಮನಸ್ಸಿನಿಂದ ಅವನ ಕಾಲನ್ನು ಕತ್ತರಿಸಿದರೂ ಅವನು ಕೆಲವು ದಿವಸಗಳಲ್ಲಿ ಸತ್ತುಹೋದನು. ಅದೇ ವರುಷದ ವಾಗ್ರಾಮ್ ಯುದ್ಧದ ಬಳಿಕ ಲಾರೆಗೆ ಬ್ಯಾರನ್ ಎಂಬ ಪದವಿಯು ದೊರೆಯಿತು.

1812ರಲ್ಲಿ ಅವನು ಇಡೀ ಮಹಾಸೇನೆಯ ಮುಖ್ಯ ಶಸ್ತ್ರವೈದ್ಯನಾಗಿ ರಷ್ಯಕ್ಕೆ ಹೋದನು. ಸೆಪ್ಟೆಂಬರ್ 7ರಲ್ಲಿ ಬೊರೊದಿನೊ ಎಂಬಲ್ಲಿ ನಡೆದ ಕಾಳಗದಲ್ಲಿ ಒಂದು ಹಗಲು ಒಂದು ರಾತ್ರಿಯೊಳಗೆ ಇನ್ನೂರರಷ್ಟು ಅಂಗಗಳನ್ನು ಕತ್ತರಿಸಿದನೆಂದು ಅವನೇ ಬರೆದಿದ್ದಾನೆ. ಚಳಿಗಾಲದಲ್ಲಿ ಆ ದಂಡು ಹಸಿದು, ಹೆಪ್ಪುಗಟ್ಟಿ, ಸಾಯುತ್ತಾ ಹಿಂದಿರುಗಿದ್ದನ್ನು ಚರಿತ್ರೆ ಬಲ್ಲವರು ಬಲ್ಲರು. ನವೆಂಬರ್ ಕಡೆಯಲ್ಲಿ ಬೆರೆಜಿನಾ ನದಿಯನ್ನು ದಾಟುವಾಗ, ಲಾರೆಯು ಆಚೇ ದಡವನ್ನು ಸೇರಿದ್ದವನು ಗಾಯಾಳುಗಳಿಗೆ ಬೇಕಾದ ಸಾಮಗ್ರಿಗಾಗಿ ತಿರಿಗಿ ಈಚೇ ದಡಕ್ಕೆ ಬಂದನು. ಮರುಕ್ಷಣದಲ್ಲಿ ಸೇತುವೆಯ ಮೇಲೆ ಸಾವಿರಾರು ಜನರು ಒಬ್ಬರನ್ನೊಬ್ಬರು ತುಳಿಯುತ್ತಾ ನುಗ್ಗಿದರು. ಮನುಷ್ಯನು ಮನುಷ್ಯನನ್ನು ನೀರಿಗೆ ನೂಕಿ ಮುಂದಕ್ಕೆ ಹೋಗುತ್ತಿದ್ದ ಆ ಜಾಗದಲ್ಲಿ ಯಾರೋ ಲಾರೆಯ ಗುರುತು ಹಿಡಿದರು. ಅವನ ಹೆಸರು ಬಾಯಿಂದ ಬಾಯಿಗೆ ಹೋಯಿತು. ಆಗ ಆ ಸಿಪಾಯಿಗಳು ಅವನನ್ನು ತಮ್ಮ ತಲೆಗಳ ಮೇಲೆ ಎತ್ತಿ ಕೈಯಿಂದ ಕೈಗೆ ದಾಟಿಸಿ ಆಚೇ ದಡಕ್ಕೆ ಸೇರಿಸಿದರು. ಯಾರನ್ನೂ ಕಾಪಾಡಲು ಮನಸ್ಸಿಲ್ಲದ ಗಳಿಗೆಯಲ್ಲಿ ಅವನೊಬ್ಬನನ್ನು ಕಾಪಾಡಿದರು. ಚಕ್ರವರ್ತಿಯು ಕೊಟ್ಟ ಪದವಿಗಿಂತ ಇದು ದೊಡ್ಡ ಪದವಿಯೆಂದು ನಾವು ಎಣಿಸುತ್ತೇವೆ.

ಆದರೆ ಲಾರೆಯ ಜೀವನದಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಧೈರ್ಯವು ಗುಂಡುಗಳ ನಡುವೆ ತೋರಿಸಿದ್ದಲ್ಲ. ಅದು 1813ರಲ್ಲಿ ಸಾಕ್ಸನಿ ದೇಶದಲ್ಲಿ ನಡೆಯಿತು. ರಷ್ಯದಲ್ಲಿ ಹಳೆಯ ದಂಡೆಲ್ಲ ನಾಶವಾದದರಿಂದ ನೆಪೋಲಿಯನನು ಎಳೆಯ ಹುಡುಗರನ್ನು ಹಿಡಿತರಿಸಿ ಹೊಸ ದಂಡನ್ನು ಕಟ್ಟಿದ್ದನು. ಲೂಟ್ಸೆನ್, ಬೌಟ್ಸೆನ್ ಎಂಬ ಕಾಳಗಗಳ ಬಳಿಕ ನೋಡಿದರೆ, ಎರಡೂವರೆ ಸಾವಿರಕ್ಕೂ ಹೆಚ್ಚು ಹುಡುಗರಿಗೆ ಕೈಯಲ್ಲಿಯೂ ಬೆರಳುಗಳಲ್ಲಿಯೂ ಗಾಯಗಳಾಗಿದ್ದವು. ಇವರು ಯುದ್ಧವನ್ನು ತಪ್ಪಿಸಿಕೊಳ್ಳುವದಕ್ಕಾಗಿ ತಮ್ಮ ಕೈಗಳಿಗೆ ತಾವೇ ಗುಂಡು ಹಾಕಿಕೊಂಡವರೆಂದು ಸೇನಾಪತಿಗಳು ದೂರು ಹೇಳಿದರು. ಚಕ್ರವರ್ತಿಯು ಅದನ್ನು ನಂಬಿ ಕೋಪಗೊಂಡನು. ಅಂಥ ಅಪರಾಧಕ್ಕೆ ಶಿಕ್ಷೆಯು ಮರಣವೇ.

ಲಾರೆಯು ಆ ಮಾತನ್ನು ಒಪ್ಪದೆ, ಪರೀಕ್ಷೆ ಮಾಡದೆ ತೀರ್ಪು ಕೊಡಬಾರದೆಂದು ನಿಂತನು. ಚಕ್ರವರ್ತಿಯ ಇಷ್ಟಕ್ಕೆ ವಿರೋಧವಾಗಿ ಮಾತಾಡುವವರು ಆಗ ಯಾರೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಲಾರೆಗೆ ಯಾವ ನಷ್ಟವೂ ಇರಲಿಲ್ಲ. ಅವನು ಬೇರೆ ವೈದ್ಯರ ಸಂಗಡ ಕೂತು ಆ ಹುಡುಗರೆಲ್ಲರ ಗಾಯಗಳನ್ನು ಒಂದೊಂದಾಗಿ ನೋಡಿ ಬರೆದುಕೊಂಡನು. ಕಾರಣವು ಸ್ಪಷ್ಟವಾಯಿತು. ಆಗಿನ ಕಾಲಾಳುಗಳು ಮೂರು ಸಾಲಾಗಿ ನಿಂತು ಗುಂಡು ಹಾರಿಸುವ ಪದ್ಧತಿಯಿತ್ತು. ಕೈ ಪಳಗದ ಹುಡುಗರು ಹಿಂದಿನ ಸಾಲಿನಿಂದ ಹಾರಿಸಿದಾಗ ಮುಂದಿನ ಸಾಲಿನವರ ಎತ್ತಿದ ಕೈಗಳಿಗೇ ಗುಂಡು ತಗಲಿತ್ತು. ತಪ್ಪು ಹುಡುಗರದಲ್ಲ, ಕಲಿಸದೆ ಯುದ್ಧಕ್ಕೆ ಕಳುಹಿಸಿದವರದು. ಲಾರೆಯು ಈ ವರದಿಯನ್ನು ತಾನೇ ತಕ್ಕೊಂಡು ಹೋಗಿ ಚಕ್ರವರ್ತಿಯ ಮುಂದೆ ಇಟ್ಟನು. ನೆಪೋಲಿಯನನು ಓದಿ, ಅತ್ತಿತ್ತ ತಿರುಗಾಡಿ, ಕಡೆಗೆ ನಿಜವನ್ನು ಒಪ್ಪಿಕೊಂಡನು. ಹುಡುಗರ ಜೀವ ಉಳಿಯಿತು. ವಜ್ರಗಳಿಂದ ಕೂಡಿದ ತನ್ನ ಚಿತ್ರವನ್ನೂ 6,000 ಫ್ರಾಂಕುಗಳನ್ನೂ ವರುಷಕ್ಕೆ 3,000 ಫ್ರಾಂಕುಗಳ ವೇತನವನ್ನೂ ಚಕ್ರವರ್ತಿಯು ಅವನಿಗೆ ಕಳುಹಿಸಿದನು. ಎಷ್ಟೋ ಬಡ ತಾಯಂದಿರು ತಮ್ಮ ಮಕ್ಕಳು ಬದುಕಿ ಮನೆಗೆ ಬಂದದ್ದು ಯಾರ ದೆಸೆಯಿಂದ ಎಂಬದನ್ನು ಅರಿಯದೆಯೇ ಇದ್ದಿರಬೇಕು.

1815ನೆಯ ಇಸವಿ ಜೂನ್ 18ರಲ್ಲಿ ವಾಟರ್ಲೂ ಕಾಳಗದಲ್ಲಿ ನೆಪೋಲಿಯನನ ಭಾಗ್ಯವು ಅಸ್ತಮಿಸಿತು. ಇಂಗ್ಲಿಷರ ದಳವಾಯಿಯಾದ ವೆಲ್ಲಿಂಗ್ಟನನು ದೂರದಲ್ಲಿ ಗಾಯಾಳುಗಳನ್ನು ಎತ್ತುತ್ತಿದ್ದ ಲಾರೆಯ ಗಾಡಿಗಳನ್ನು ಕಂಡು, ಆ ಕಡೆಗೆ ಗುಂಡು ಹಾರಿಸದಂತೆ ಅಪ್ಪಣೆ ಕೊಟ್ಟು ಟೊಪ್ಪಿಗೆ ಎತ್ತಿ ವಂದಿಸಿದನೆಂದು ಒಂದು ಕಥೆಯು ಹೇಳಲ್ಪಡುತ್ತದೆ. ಸಂಜೆಯಲ್ಲಿ ಲಾರೆಯು ಗಾಯಪಟ್ಟು ಪ್ರಷ್ಯದವರ ಕೈಗೆ ಸಿಕ್ಕಿದನು. ಗಿಡ್ಡನಾದ ಅವನ ಆಕಾರವನ್ನು ಕಂಡು ಮೊದಲು ನೆಪೋಲಿಯನನೆಂದು ಭ್ರಮಿಸಿದರು; ಅಲ್ಲವೆಂದು ತಿಳಿದ ಮೇಲೆ ಸಿಟ್ಟಿನಿಂದ ಗುಂಡಿಕ್ಕಲು ನಿಲ್ಲಿಸಿದರು. ಕಣ್ಣು ಕಟ್ಟಲು ಬಂದ ಪ್ರಷ್ಯದ ವೈದ್ಯನು ಹಿಂದೆ ಬರ್ಲಿನಿನಲ್ಲಿ ಅವನ ಪಾಠಗಳನ್ನು ಕೇಳಿದವನಾಗಿದ್ದನು. ಅವನು ಗುರುತು ಹಿಡಿದು ಕೊಲೆಯನ್ನು ತಡೆದನು. ಲಾರೆಯನ್ನು ಪ್ರಷ್ಯದ ದಳವಾಯಿಯಾದ ಬ್ಲೂಖರನ ಬಳಿಗೆ ಒಯ್ದರು. ಹಿಂದಿನ ಒಂದು ಯುದ್ಧದಲ್ಲಿ ಗಾಯಪಟ್ಟು ಸೆರೆಯಾದ ಬ್ಲೂಖರನ ಮಗನನ್ನು ಇದೇ ಲಾರೆಯು ಉಳಿಸಿದ್ದನು. ದಳವಾಯಿಯು ಅವನಿಗೆ ಬಟ್ಟೆಯನ್ನೂ ಹಣವನ್ನೂ ಕಾವಲನ್ನೂ ಕೊಟ್ಟು ಮಾನದಿಂದ ಕಳುಹಿಸಿದನು. ಶತ್ರುವಿಗೆ ಮಾಡಿದ ಉಪಕಾರವು ಹೀಗೆ ಅವನ ತಲೆಯನ್ನು ಉಳಿಸಿತು.

ಅರಸರು ತಿರಿಗಿ ಸಿಂಹಾಸನವೇರಿದಾಗ ಲಾರೆಯ ವೇತನವು ನಿಂತುಹೋಯಿತು. ಕೆಲವು ವರುಷ ಬಡತನದಲ್ಲಿ ಕಳೆದ ಮೇಲೆ 1818ರಲ್ಲಿ ಅದು ಮರಳಿ ದೊರೆಯಿತು. 1821ರಲ್ಲಿ ಸೆಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಾಗಿ ಸಾಯುವ ಮುಂಚೆ ನೆಪೋಲಿಯನನು ಬರೆದ ಮರಣಶಾಸನದಲ್ಲಿ, ತಾನು ಕಂಡ ಮನುಷ್ಯರಲ್ಲಿ ಲಾರೆಯಷ್ಟು ಸದ್ಗುಣಿಯು ಬೇರೊಬ್ಬನಿಲ್ಲವೆಂಬ ಅರ್ಥದಿಂದ ಅವನಿಗೆ 1,00,000 ಫ್ರಾಂಕುಗಳನ್ನು ಬರೆದಿಟ್ಟನು. 1830ರ ಜುಲೈ ತಿಂಗಳಲ್ಲಿ ಪ್ಯಾರಿಸಿನಲ್ಲಿ ಮತ್ತೊಂದು ದಂಗೆಯೆದ್ದು, ಜನರ ಗುಂಪು ಗಾಯಪಟ್ಟ ಅರಮನೆಯ ಕಾವಲುಗಾರರನ್ನು ಕೊಲ್ಲಲು ಅವನ ಆಸ್ಪತ್ರೆಗೆ ನುಗ್ಗಿತು. ಅರುವತ್ತನಾಲ್ಕು ವರುಷದ ಮುದುಕನು ಬಾಗಲಲ್ಲಿ ನಿಂತು, ಈ ಗಾಯಾಳುಗಳು ತನ್ನವರೆಂದು ಹೇಳಿ ಗುಂಪನ್ನು ಹಿಂದಕ್ಕೆ ಕಳುಹಿಸಿದನು.

1842ರಲ್ಲಿ ಎಪ್ಪತ್ತಾರನೆಯ ವಯಸ್ಸು ಹತ್ತಿರವಾಗಿದ್ದಾಗಲೂ ಅವನು ಆಲ್ಜೀರಿಯ ದೇಶದ ದಂಡಿನ ಆಸ್ಪತ್ರೆಗಳನ್ನು ನೋಡಲು ತನ್ನ ಮಗನಾದ ಹಿಪೊಲಿತನೊಡನೆ ಹೋದನು. ಈ ಮಗನೂ ತಂದೆಯಂತೆ ಶಸ್ತ್ರವೈದ್ಯನಾಗಿದ್ದನು. ಹಿಂದಿರುಗುವಾಗ ಶ್ವಾಸಕೋಶದ ಜ್ವರ ಹಿಡಿದು, ಜುಲೈ 25ರಲ್ಲಿ ಲಿಯೋನ್ ಪಟ್ಟಣದಲ್ಲಿ ಲಾರೆಯು ಪ್ರಾಣಬಿಟ್ಟನು. ಅದಕ್ಕೆ ಕೆಲವೇ ದಿವಸಗಳ ಮುಂಚೆ ಪ್ಯಾರಿಸ್ ಕಡೆಯಲ್ಲಿ ಅವನ ಹೆಂಡತಿಯೂ ತೀರಿಹೋಗಿದ್ದಳು. ಕಡೇ ಗಳಿಗೆಯಲ್ಲಿ ಒಬ್ಬರ ಮುಖವನ್ನು ಒಬ್ಬರು ಕಾಣಲಿಲ್ಲ. ಮುದಿ ಸಿಪಾಯಿಗಳ ನಡುವೆ ಅನ್ವಾಲೀದಿನಲ್ಲಿ ಹೂಣಲ್ಪಡಬೇಕೆಂಬ ಅವನ ಆಶೆಯು ಆಗ ನೆರವೇರಲಿಲ್ಲ. ನೂರೈವತ್ತು ವರುಷಗಳ ಮೇಲೆ, 1992ರಲ್ಲಿ, ಅವನ ಅಸ್ಥಿಗಳನ್ನು ಅಲ್ಲಿಗೆ ತಂದಿಟ್ಟರು.

ಲಾರೆಯು ದೋಷವಿಲ್ಲದವನೆಂದು ನಾವು ಹೇಳುವದಿಲ್ಲ. ತನ್ನ ಕೀರ್ತಿಯ ಮೇಲೆ ಅವನಿಗೆ ಪ್ರೀತಿಯಿತ್ತು. ಲಕ್ಷಾಂತರ ಜನರ ಮರಣಕ್ಕೆ ಕಾರಣನಾದ ಒಬ್ಬ ಚಕ್ರವರ್ತಿಯನ್ನು ಅವನು ಕಡೇ ವರೆಗೂ ಮೆಚ್ಚಿಕೊಂಡಿದ್ದನು. ಆ ಯುದ್ಧಗಳು ನ್ಯಾಯವೋ ಅನ್ಯಾಯವೋ ಎಂದು ಅವನು ಕೇಳಿದಂತೆ ತೋರುವದಿಲ್ಲ. ಯುದ್ಧವನ್ನು ನಿಲ್ಲಿಸುವದು ಅವನ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದದ್ದು ಒಂದು ಕತ್ತಿ, ಒಂದು ಕಟ್ಟು, ಒಂದು ಗಾಡಿ. ಅಷ್ಟರಿಂದಲೇ ಅವನು ಬಿದ್ದವನ ಬಳಿಗೆ ಬೇಗನೆ ಹೋದನು, ಹೆಚ್ಚು ನೊಂದವನನ್ನು ಮೊದಲು ಮುಟ್ಟಿದನು, ನಿರಪರಾಧಿಗಳ ಪರವಾಗಿ ಬಾಯಿ ತೆರೆದನು. ಅವನು ಸತ್ತು ಇಪ್ಪತ್ತೆರಡು ವರುಷಗಳ ಮೇಲೆ, 1864ರಲ್ಲಿ, ಜಿನೀವಾ ಪಟ್ಟಣದಲ್ಲಿ ರಾಜ್ಯಗಳು ಕೂಡಿ, ಗಾಯಾಳುವು ಯಾವ ಪಕ್ಷದವನಾದರೂ ಅವನನ್ನು ಆರೈಕೆ ಮಾಡತಕ್ಕದ್ದೆಂದು ಒಡಂಬಡಿಕೆ ಮಾಡಿದವು. ಮೋಚಿಯ ಮಗನು ಅದನ್ನು ಯಾವ ಒಡಂಬಡಿಕೆಯೂ ಇಲ್ಲದೆ ರೈನ್ ನದಿಯ ಕೆಸರಿನಲ್ಲಿ ನಡಿಸಿಬಿಟ್ಟಿದ್ದನು. ಇನ್ನು ಮೇಲೆ ದಾರಿಯಲ್ಲಿ ಆ ಗಾಡಿಯ ಕೂಗು ಕೇಳಿ ನೀವು ಬದಿಗೆ ಸರಿಯುವಾಗ, ವಾಚಕರೇ, ಅವನನ್ನು ಒಂದು ಕ್ಷಣ ನೆನಸಿರಿ.